ಪ್ರಾಸ ತಲೆಯಿಂದ ಬಾಲಕ್ಕೆ ಇಳಿದ ಕತೆ

ನಾಲ್ಕು ಸಾಲಿದ್ದರೆ ಚುಟುಕ, ಸಾಲು ಮುರಿದರೆ ಹನಿಗವನ, ನಗು ಬಂದರೆ ಎರಡೂ. ವಾಟ್ಸಾಪ್ ಗುಂಪುಗಳಲ್ಲಿ ಈಗ ಇದೇ ಲೆಕ್ಕ. ಇವು ಪದ್ಯವೇ ಅಲ್ಲ ಎನ್ನುವವರೂ ಇದ್ದಾರೆ. ಈ ಗೋಜಲು ಬಿಡಿಸಲು ಪ್ರಾಸದ ಜಾಡು ಹಿಡಿದು ಹೊರಡೋಣ.

ಬಾದಾಮಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂದು ಶುರುವಾಗುವ ತ್ರಿಪದಿಯಲ್ಲಿ ಇಡೀ ಮನುಷ್ಯ ಬಂದುಬಿಡುತ್ತಾನೆ. ಸಾಧು, ಬಾಧಿಪ್ಪ, ಮಾಧವ: ಮೂರೂ ಸಾಲಿನ ಎರಡನೇ ಅಕ್ಷರ ‘ಧ’ಕಾರ. ಅಂದರೆ ಪ್ರಾಸ ಇರುವುದು ಸಾಲಿನ ತಲೆಯಲ್ಲಿ. ಸರ್ವಜ್ಞನಲ್ಲೂ ಹಾಗೇ. 1911ರಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈ ಈ ಪ್ರಾಸದ ಕಟ್ಟು ಬಿಟ್ಟರು.

ಆಮೇಲೆ ಬಂದವರು ಅಂಕೋಲಾ ಕಡೆಯ ದಿನಕರ ದೇಸಾಯಿ (1909–1982). ರೈತರ ಪರ ಹೋರಾಡಿ ಜಿಲ್ಲೆಯಿಂದ ಗಡಿಪಾರಾದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆದವರು, 1967ರಲ್ಲಿ ಲೋಕಸಭೆಗೆ ಹೋದವರು. ಅವರ ಚೌಪದಿಯಲ್ಲಿ, ಅಂದರೆ ನಾಲ್ಕು ಸಾಲಿನ ಚುಟುಕದಲ್ಲಿ, ಪ್ರಾಸ ಬಾಲಕ್ಕಿಳಿಯಿತು. ಮೊದಲೆರಡು ಸಾಲು ಒಂದು ಜೋಡಿ, ಕೊನೆಯೆರಡು ಇನ್ನೊಂದು. ಮೂರನೇ ಸಾಲು ಸುಮ್ನೆ ಬಂದ ಹಾಗೆ ಬರುತ್ತದೆ. ನಾಲ್ಕನೆಯದು ಕುಟುಕುತ್ತದೆ. ಪ್ರಾಸ ಎಲ್ಲಿ ಬೀಳುತ್ತದೆಂದು ಕಿವಿಗೆ ಮೊದಲೇ ಗೊತ್ತು, ಯಾವ ಮಾತು ಬೀಳುತ್ತದೆಂದು ಗೊತ್ತಿಲ್ಲ. ಮಜಾ ಇರುವುದು ಅಲ್ಲೇ. ಕುಟುಕಿಸಿಕೊಳ್ಳುವವರೂ ದೊಡ್ಡವರೇ: ಮಂತ್ರಿ, ಸಾಹುಕಾರ, ಕೆಲವೊಮ್ಮೆ ದೇವರು. ತಮ್ಮ ಸಾವಿನ ಬಗ್ಗೆಯೂ ಅವರು ಪದ್ಯ ಬರೆದರು. ದೇಹದ ಬೂದಿಯನ್ನು ಗಾಳಿಗೆ ತೂರಿ, ಭತ್ತದ ಗದ್ದೆಗೆ ಗೊಬ್ಬರವಾಗಲಿ ಎಂದರು. ಸಮಾಧಿಯೇ ಬೇಡ ಎನ್ನುವ ಸಮಾಧಿ ಬರಹ!

ಮುಂದಿನ ತಿರುವು ಹನಿಗವನ. ಪತ್ರಿಕೆಗಳಲ್ಲಿ ಲೇಖನ ಮುಗಿದು ಉಳಿದ ಜಾಗಕ್ಕೆ ಚಿಕ್ಕ ಪದ್ಯ ಬೇಕಿತ್ತು. ಸಾಲಿನ ಅಳತೆಗೆ ಮಾತ್ರೆ ಎಣಿಸುವ ಗೋಜು ಹೋಯಿತು, ಅದರ ಜಾಗಕ್ಕೆ ಶ್ಲೇಷೆ, ಅಂದರೆ ಎರಡರ್ಥದ ಪದದಾಟ, ಬಂತು. ‘ಸಾಲ ತಂದೆ, ಸಾಲಲಿಲ್ಲ’ ಎಂದರೆ ಪ್ರಾಸ ಈಗ ಪದದ ಹೊಟ್ಟೆಯೊಳಗೆ. ಇದನ್ನು ಮನೆಮಾತಾಗಿಸಿದವರು ಕುಂದಾಪುರ ಕಡೆಯ ಎಚ್. ದುಂಡಿರಾಜ್, ಬ್ಯಾಂಕ್ ಅಧಿಕಾರಿಯಾಗಿದ್ದವರು. ಪೈ, ದೇಸಾಯಿ, ದುಂಡಿರಾಜ್ ಮೂವರೂ ಕರಾವಳಿಯವರೇ, ಅಲ್ವಾ? ಶ್ಲೇಷೆಯ ಹಂಗಿಲ್ಲದೆಯೂ ಚಿಕ್ಕ ಪದ್ಯ ಚುಚ್ಚಬಲ್ಲದು. ಲಂಕೇಶರ ‘ನೀಲು’ ಪದ್ಯಗಳನ್ನು ಓದಿದವರಿಗೆ ಅದು ಗೊತ್ತು.

ಶ್ಲೇಷೆ ಸುಲಭವಾಗಿ ಕಾಣುತ್ತದೆ. ಹಾಗಾಗಿ ಬರೆಯುವವರು ಜಾಸ್ತಿಯಾದರು. ಮಂತ್ರಿ, ಸಾಹುಕಾರರು ಇದ್ದ ಜಾಗಕ್ಕೆ ಹೆಂಡತಿ, ಅತ್ತೆ, ಬೋಳುತಲೆ ಬಂದು ಕೂತವು. ಪದದ ಆಟ ಉಳಿಯಿತು, ಕುಟುಕು ಸಣ್ಣದಾಯಿತು.

ಮೊನ್ನೆ ನನ್ನ ಫೋನಿಗೂ ಒಂದು ಬಂತು. ನಾಲ್ಕು ಸಾಲು, ಪ್ರಾಸ ಬಾಲದಲ್ಲಿ, ವಿಷಯ ಹೆಂಡತಿಯ ಸೀರೆ. ಕೆಳಗೆ ಅಂಕಿತ: ಸರ್ವಜ್ಞ.