ನಿಮ್ಮ ಮನೆಗೆ ಬರುವ ಹೆಳವರು ಯಾರು?

ಮನೆತನದ್ದೋ ಊರಿನದ್ದೋ ಇತಿಹಾಸ ಬರೆಯಬೇಕು ಅಂತ ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಮನೆಗೆ ಬರುವ ಹೆಳವರು ಯಾರು, ಯಾವ ಊರಿನವರು? ಬಹಳ ಜನ ಗ್ರಂಥಾಲಯದಿಂದ ಶುರು ಮಾಡಿರುತ್ತಾರೆ. ಶಾಸನ, ಗೆಜೆಟಿಯರ್, ಕೈಫಿಯತ್ತು (ಊರಿನ ಹಳೆಯ ವೃತ್ತಾಂತ) ಅಂತ ಓಡಾಡಿರುತ್ತಾರೆ. ಮನೆ ಬಾಗಿಲಿಗೇ ಬಂದು ವಂಶಾವಳಿ ಓದಿ, ಕಾಳು ಪಡೆದು ಹೋದ ಈ ಹೆಳವರನ್ನು ನಾಲ್ಕು ಮಾತು ಕೇಳಿರುವುದಿಲ್ಲ.

ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಹೆಳವರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಇಂತಿಂಥ ಊರು, ಇಂತಿಂಥ ಮನೆತನ ಅಂತ ಅವರಲ್ಲಿ ಹಂಚಿಕೆ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು, ಮೂಲಪುರುಷನಿಂದ ಹಿಡಿದು ಈಚೆಗೆ ಹುಟ್ಟಿದ ಮೊಮ್ಮಗನವರೆಗೆ ತಮ್ಮ ಹೊತ್ತಿಗೆ ನೋಡಿ ಓದುತ್ತಾರೆ. ಮೂಲಸ್ಥಳ, ಬೆಡಗು (ಕುಲದೊಳಗಿನ ಪಂಗಡ), ಮನೆದೇವರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ ಅನ್ನುವುದು ಎಲ್ಲ ಅದರಲ್ಲಿರುತ್ತದೆ. ಸಾಮಾನ್ಯ ರೈತರ ಮನೆಯ ಬಗ್ಗೆ ಇಷ್ಟು ಸಂಗತಿ ಯಾವ ರಾಜನ ಶಾಸನದಲ್ಲೂ ಸಿಗುವುದಿಲ್ಲ.

ಆದರೆ ಕೇಳಿದ್ದನ್ನೆಲ್ಲ ಹಾಗೇ ಇಳಿಸಿಕೊಂಡರೆ ಅದು ಸಂಶೋಧನೆ ಆಗುವುದಿಲ್ಲ, ಅಲ್ವಾ? ಮೊದಲು ಲೆಕ್ಕ ಹಾಕಿ. ಒಂದು ತಲೆಮಾರಿಗೆ ಸುಮಾರು 25 ವರ್ಷ ಹಿಡಿದರೆ ಎಂಟು ತಲೆಮಾರಿಗೆ 200 ವರ್ಷ. ಅಂದರೆ ಪೇಶವೆಯವರ ಆಳಿಕೆ ಮುಗಿದು ಕಂಪನಿ ಸರ್ಕಾರ ಬಂದ ಕಾಲಕ್ಕೆ ನೀವು ಮುಟ್ಟಿದಿರಿ. ಎಂಟೇ ಹೆಸರು ಇಟ್ಟುಕೊಂಡು ‘ನಮ್ಮವರು ವಿಜಯನಗರದ ದಂಡಿನಲ್ಲಿದ್ದವರು’ ಅನ್ನಲು ಬರುವುದಿಲ್ಲ. 1565ರ ತಾಳಿಕೋಟೆ ಯುದ್ಧದಿಂದ ಇಲ್ಲಿಗೆ 18 ತಲೆಮಾರಾದರೂ ಬೇಕು. ನಡುವಿನ ಹತ್ತು ಹೆಸರು ಎಲ್ಲಿ ಹೋದವು? ನನ್ನ ಅನುಭವದಲ್ಲಿ ಪಟ್ಟಿಯ ಕೆಳಗಿನ ನಾಲ್ಕೈದು ತಲೆಮಾರು ಗಟ್ಟಿ. ಮೇಲೆ ಹೋದಂತೆಲ್ಲ ಹೆಸರುಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ.

ಕೆಳಗಿನ ಹೆಸರುಗಳನ್ನು ಪರೀಕ್ಷಿಸಲು ಹಳೆಯ ಕೈಬರಹದ ಉತಾರಗಳಿವೆ, ಅಂದರೆ ಜಮೀನಿನ ಹಕ್ಕಿನ ದಾಖಲೆಗಳು. 1956ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಅಲ್ಲಿ 1903ರ ಕಾಯ್ದೆಯ ನಂತರ ಹಕ್ಕುದಾಖಲೆ ಬರೆಯುವುದು ಶುರುವಾಯಿತು. ತಂದೆ ತೀರಿಕೊಂಡ ಮೇಲೆ ಯಾರ ಯಾರ ಹೆಸರು ವಾರಸಾ ಹತ್ತಿತು ನೋಡಿ. ಹೆಳವರು ಹೇಳಿದ ಅಣ್ಣತಮ್ಮಂದಿರ ಸಾಲು ಅದಕ್ಕೆ ಕೂಡಿ ಬಂದರೆ ಪಟ್ಟಿಯ ಆ ಭಾಗವನ್ನು ನಂಬಬಹುದು. ಅದಕ್ಕೂ ಹಿಂದಿನದು ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಯವರ ದಫ್ತರದಲ್ಲಿರುತ್ತದೆ, ಜಾಸ್ತಿ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯನ್ನು ಬರೆಯುತ್ತಿದ್ದ ಹಳೆಯ ಓಟದ ಬರಹದಲ್ಲಿ. ಮೋಡಿ ಓದುವವರು ಈಗ ಕಡಿಮೆ. ಕಾಗದ ಹಳೆಯದು, ಓದಲು ಬರುವುದಿಲ್ಲ ಅಂತ ಒಲೆಗೆ ಹಾಕಿದ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ.

ಸಂವತ್ಸರದ ಹೆಸರು ಬಂದಾಗಲೂ ಹುಷಾರಾಗಿರಬೇಕು. ‘ಧಾತು ಸಂವತ್ಸರದ ಬರದಾಗ ಊರು ಬಿಟ್ಟರು’ ಅಂತ ಹೆಳವರು ಹೇಳುತ್ತಾರೆ ಅನ್ನಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1816, 1876, 1936 ಮೂರೂ ಧಾತುವೇ. ಧಾತು, ಈಶ್ವರ ಎರಡೂ ವರ್ಷ ಕಾಡಿದ ದೊಡ್ಡ ಬರ 1876-78ರದು. ಊರು ಬಿಟ್ಟವನ ಮೊಮ್ಮಗ 1910ರ ಸುಮಾರಿಗೆ ಉತಾರದಲ್ಲಿ ಕಾಣಿಸಿಕೊಂಡರೆ ಲೆಕ್ಕ ಕೂಡುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಹಾಳೂರುಗಳ ಹೆಸರು. ರೋಣದ ಕಡೆಯ ಒಂದು ಮನೆತನದ ಮೂಲಸ್ಥಳ ಅಂತ ಹೆಳವರು ಒಂದು ಹೆಸರು ಹೇಳಿದರು. ಅಂಥ ಊರು ಈಗ ಇಲ್ಲ. ಮನೆಯವರು ಅದನ್ನು ಕಟ್ಟುಕತೆ ಅಂದುಕೊಂಡಿದ್ದರು. ಕಂದಾಯದವರ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮಗಳ ಪಟ್ಟಿಯಲ್ಲಿ ಆ ಹೆಸರು ಸಿಕ್ಕಿತು. ಹೊಲಕ್ಕೆ ಹೋಗಿ ನೋಡಿದರೆ ಎರಿಯ ಕರಿ ಮಣ್ಣಿನ ನಡುವೆ ಒಂದೆರಡು ಎಕರೆ ಮಾತ್ರ ಬೂದಿಮಣ್ಣು, ಹಿಂದೆ ಜನ ವಾಸವಿದ್ದ ಗುರುತು. ಕುಂಟೆ ಹೊಡೆದ ಸಾಲಿನಲ್ಲೆಲ್ಲ ಕೆಂಪು ಬೋಕಿಗಳು, ಅಂದರೆ ಮಡಕೆಯ ಚೂರುಗಳು. ಬದುವಿನ ಮೇಲೆ ಹನುಮಪ್ಪನ ಮೋಟು ಗುಡಿ. ಆ ಮನೆತನದವರು ಇವತ್ತಿಗೂ ಮದುವೆಯಾದ ಮೇಲೆ ಜೋಡಿಯನ್ನು ಕರೆದುಕೊಂಡು ಹೋಗಿ ಕಾಯಿ ಒಡೆಸುವುದು ಅದೇ ಗುಡಿಗೆ. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹೊತ್ತಿಗೆ, ಸರ್ಕಾರಿ ಪಟ್ಟಿ, ಮಣ್ಣು, ಮನೆಯ ಪದ್ಧತಿ ಎಲ್ಲ ಒಂದೇ ಜಾಗ ತೋರಿಸಿದರೆ ಅದನ್ನು ಧೈರ್ಯವಾಗಿ ಬರೆಯಬಹುದು.

ವೀರಗಲ್ಲಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಹಾನಗಲ್ಲಿನ ಕಡೆ ಇಂಥ ಕಲ್ಲು ಬಹಳ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ‘ಇದು ನಮ್ಮ ಮುತ್ಯಾಂದ್ರೀ ಸರ’ ಅಂತ ಹೇಳುವವರ ಅಭಿಮಾನ ನನಗೆ ಅರ್ಥವಾಗುತ್ತದೆ. ಅಕ್ಷರವಿದ್ದರೆ ಮೊದಲು ಓದಿಸೋಣ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಕಲ್ಲಿನಲ್ಲಿ ವೀರನ ಹೆಸರು, ಒಡೆಯನ ಹೆಸರು, ತುರುಗೋಳಿನ (ದನ ಹಿಡಿದೊಯ್ದ ಕಾಳಗದ) ಸಂಗತಿ ಇರಬಹುದು. ಅಲ್ಲಿಂದ ನಿಮ್ಮ ಮನೆಯವರೆಗೆ ದಾರಿ ತೋರಿಸುವ ದಾಖಲೆ ಇಲ್ಲದಿದ್ದರೆ ‘ನಮ್ಮ ಊರಿನ ವೀರ’ ಅಂತ ಬರೆದರೆ ಸಾಕು, ಅದೇ ದೊಡ್ಡ ಮಾತು. ನಮ್ಮ ಭಾಗದ ಶಾಸನಗಳನ್ನು ಬಿ.ಎಲ್. ರೈಸ್ ಸಾಹೇಬರ ಮೈಸೂರು ಶಾಸನ ಸಂಪುಟಗಳಲ್ಲಿ ಹುಡುಕಿ ನಿರಾಶರಾಗುವವರಿದ್ದಾರೆ. ಅವು ಸಿಗುವುದು ಕೇಂದ್ರ ಪುರಾತತ್ವ ಇಲಾಖೆಯ ಮುಂಬೈ-ಕರ್ನಾಟಕ ಶಾಸನ ಸಂಪುಟಗಳಲ್ಲಿ.

ಹೊತ್ತಿಗೆಯಲ್ಲಿ ಇಲ್ಲದವರೂ ಇದ್ದಾರೆ. ಪಟ್ಟಿ ಹೆಚ್ಚಾಗಿ ಗಂಡುಮಕ್ಕಳದ್ದು. ಲಕ್ಕುಂಡಿಯ 1007ರ ಶಾಸನದಲ್ಲಿ ಅತ್ತಿಮಬ್ಬೆಯ ಹೆಸರು ಉಳಿದಿದೆ. ನಿಮ್ಮ ಅಜ್ಜನ ತಾಯಿಯ ಹೆಸರು ಎಲ್ಲೂ ಇಲ್ಲ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಯಾವ ಊರಿಂದ ಹೆಣ್ಣು ತಂದಿರಿ, ಯಾವ ಊರಿಗೆ ಕೊಟ್ಟಿರಿ ಅಂತ ಕೇಳಿ. ಮನೆತನದ ನಂಟು ಎಲ್ಲೆಲ್ಲಿ ಹಬ್ಬಿತ್ತು ಅನ್ನುವ ನಕ್ಷೆ ಅಲ್ಲೇ ಸಿಗುತ್ತದೆ.

ಊರಿನ ಎಲ್ಲ ಕೇರಿಗೂ ಹೆಳವರು ಬರುವುದಿಲ್ಲ. ಕೆಲವು ಸಮುದಾಯಗಳ ಬಗ್ಗೆ ಇರುವ ಬರಹವೆಲ್ಲ ಪೊಲೀಸರದ್ದು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಇವತ್ತಿಗೂ ಜನ ಸೆಟ್ಲಮೆಂಟ್ ಅಂತ ಕರೆಯುವ ಬಡಾವಣೆಗಳಿವೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದು, ಮುಂದೆ ಆ ಹೆಸರಿನಲ್ಲಿ ಇಡೀ ಸಮುದಾಯಗಳನ್ನು ತಂತಿ ಬೇಲಿಯೊಳಗೆ ಇಟ್ಟು, ಹಾಜರಿ ಹಿಡಿದು, ಗಿರಣಿಯ ಕೆಲಸಕ್ಕೆ ಹಚ್ಚಿದರು. ಆ ಕಾಯ್ದೆ ದೇಶದಲ್ಲಿ ಪೂರ್ತಿ ಹೋಗಿದ್ದು 1952ರಲ್ಲಿ. ಹುಟ್ಟಿದ ಕೂಸಿಗೂ ಕಳ್ಳನ ಪಟ್ಟ ಕಟ್ಟಿದ ಕಾಗದವನ್ನು ಆ ಜನರ ಚರಿತ್ರೆ ಅಂತ ಎತ್ತಿ ಬರೆಯುವುದು ಅನ್ಯಾಯ. ಬೇಲಿ ಯಾರು ಹಾಕಿದರು, ಯಾಕೆ ಹಾಕಿದರು ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ. ಅಲ್ಲಿಯ ಜನರ ಬದುಕು ತಿಳಿಯಬೇಕಾದರೆ ಅಲ್ಲಿ ಹುಟ್ಟಿ ಬೆಳೆದ ಹಿರಿಯರ ಹತ್ತಿರ ಕೂರಬೇಕು. ಆ ತಲೆಮಾರಿನವರು ಈಗ ಬೆರಳೆಣಿಕೆಯಷ್ಟು ಜನ. ಈ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ಇನ್ನೂ ಹೆಚ್ಚಾಗಿ ಬರಬೇಕು ಅಂತ ನನ್ನ ಆಸೆ.

ಹೆಳವರು ಮುಂದಿನ ಸಲ ಬಂದಾಗ ಕೇಳದೆ ಹೊತ್ತಿಗೆಯ ಫೋಟೋ ಹೊಡೆಯಬೇಡಿ. ಅದು ಅವರ ಅನ್ನ. ಒಪ್ಪಿಗೆ ಪಡೆದು ಓದನ್ನು ಪೂರ್ತಿ ರೆಕಾರ್ಡ್ ಮಾಡಿ, ನಡುವೆ ತಡೆಯಬೇಡಿ. ಓದಿದವರ ಹೆಸರು, ಊರು, ತಾರೀಖು ಕಡೆಯಲ್ಲಿ ಅವರ ಬಾಯಿಂದಲೇ ಹೇಳಿಸಿ. ಕೊಡುವ ಸಂಭಾವನೆ ಅವರ ಒಂದು ದಿನದ ದುಡಿಮೆಗಿಂತ ಕಡಿಮೆ ಇರಬಾರದು. ನೀವು ಬರೆದದ್ದು ಅಚ್ಚಾದ ಮೇಲೆ ಒಂದು ಪ್ರತಿ ಅವರ ಮನೆಗೂ ಕಳಿಸಿ.