‘ನಾನು ಗೇ ನಾ?’ ಅಂತ ಕೇಳ್ಕೊಳ್ಳೋರಿಗೆ ಕ್ವಿಜ್ ಮಾಡೋದು ಹೆಂಗೆ

ಗೂಗಲ್‌ನಲ್ಲಿ ಹುಡುಕಿದ್ರೆ ‘ಕಿನ್ಸಿ ಟೆಸ್ಟ್’ ಅಂತ ರಾಶಿ ಕ್ವಿಜ್ ಸಿಗ್ತವೆ, ಹತ್ತಿಪ್ಪತ್ತು ಪ್ರಶ್ನೆಗೆ ಟಿಕ್ ಹಾಕಿದ್ರೆ ಸಾಕು, 0ಯಿಂದ 6ರೊಳಗೆ ಒಂದು ನಂಬರ್ ಕೊಟ್ಟು ನೀವು ಇಂಥವ್ರು ಅಂತ ಹೇಳಿಬಿಡ್ತವೆ. ಆದ್ರೆ ಆಲ್ಫ್ರೆಡ್ ಕಿನ್ಸಿ ಅಂಥ ಟೆಸ್ಟ್ ಮಾಡಿರ್ಲೇ ಇಲ್ಲ. ಅವ್ರು ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಲಿದ್ದ ಪ್ರಾಣಿಶಾಸ್ತ್ರಜ್ಞ, ಮೊದ್ಲು ಕಣಜದ ಹುಳಗಳ ಮೇಲೆ ಕೆಲ್ಸ ಮಾಡ್ತಿದ್ದೋರು, ಆಮೇಲೆ ಅವ್ರೂ ಅವ್ರ ತಂಡದೋರೂ ಸಾವಿರಾರು ಜನರನ್ನ ಎದುರಿಗೆ ಕೂರಿಸ್ಕೊಂಡು ಅವ್ರ ಬದುಕಿನ ಕಥೆನೆಲ್ಲ ಕೇಳಿ, ಕೇಳಿದ್ರ ಮೇಲೆ ತಾವೇ ಅಂದಾಜು ಮಾಡಿ ನಂಬರ್ ಹಾಕ್ತಿದ್ರು. 1948ರಲ್ಲಿ ಬಂದ ಆ ಸ್ಕೇಲ್‌ನಲ್ಲಿ 0 ಅಂದ್ರೆ ಪೂರ್ತಿ ಬೇರೆ ಲಿಂಗದವ್ರ ಕಡೆ ಒಲವು, 6 ಅಂದ್ರೆ ಪೂರ್ತಿ ತಮ್ಮದೇ ಲಿಂಗದವ್ರ ಕಡೆ, ಮಧ್ಯದಲ್ಲಿ ಎಲ್ಲಾ ಥರದವ್ರೂ ಇದ್ದಾರೆ ಅಂತ ತೋರಿಸಿದ್ದೇ ಅದರ ದೊಡ್ಡ ಕೆಲ್ಸ. ಅಷ್ಟೊತ್ತು ಮಾತಾಡಿಸಿ ಹಾಕಿದ್ದು ಅಂದಾಜಿನ ನಂಬರ್ ಆಗಿರೋವಾಗ, ಎರಡು ನಿಮಿಷದ ಕ್ವಿಜ್ಜು ತೀರ್ಪು ಕೊಡೋಕೆ ಹೊರಡೋದು ತಪ್ಪು. ಯೋಚ್ನೆ ಮಾಡೋಕೆ ಜಾಗ ಮಾಡ್ಕೊಡ್ಬೋದು, ಅದನ್ನಾದ್ರೆ ಚೆನ್ನಾಗಿ ಮಾಡ್ಬೋದು.

ಮೊದ್ಲು ಪ್ರಶ್ನೆಗಳನ್ನ ನೋಡಿ. ಅಮೆರಿಕದವ್ರು ಬರೆದಿದ್ದನ್ನ ಹಂಗೇ ಕನ್ನಡಕ್ಕೆ ತಂದ್ರೆ ‘ನೀವು ಹುಡುಗರ ಕೈ ಹಿಡ್ಕೊಂಡು ಓಡಾಡ್ತೀರಾ?’ ಅನ್ನೋ ಥರದ್ದು ಬರತ್ತೆ. ಮಧುಗಿರಿ ಜಾತ್ರೇಲಿ ನೋಡಿ, ಹುಡುಗ್ರು ಒಬ್ರ ಕೈ ಒಬ್ರು ಹಿಡ್ಕೊಂಡು, ಹೆಗಲ ಮೇಲೆ ಕೈ ಹಾಕ್ಕೊಂಡೇ ತಿರುಗ್ತಾರೆ, ತುಮಕೂರಿನ ಹಾಸ್ಟೆಲ್‌ಗಳಲ್ಲಿ ಒಂದೇ ಚಾಪೇಲಿ ಇಬ್ರು ಮಲಗ್ತಾರೆ, ಅದು ಸ್ನೇಹ, ಅದ್ರಿಂದ ಒಲವಿನ ಬಗ್ಗೆ ಏನೂ ಗೊತ್ತಾಗಲ್ಲ. ‘ಎಷ್ಟು ಹುಡುಗೀರ ಜೊತೆ ಡೇಟಿಂಗ್ ಹೋಗಿದೀರ?’ ಅನ್ನೋದೂ ಅಷ್ಟೇ. ಕ್ಲಾಸಲ್ಲಿ ಹುಡುಗೀರು ಒಂದ್ಕಡೆ ಹುಡುಗ್ರು ಒಂದ್ಕಡೆ ಕೂರೋ ಊರಲ್ಲಿ ಬೆಳೆದೋನಿಗೆ ಉತ್ತರ ಸೊನ್ನೆನೇ ಇರತ್ತೆ, ಅವಕಾಶ ಸಿಗ್ಲಿಲ್ಲ ಅನ್ನೋದನ್ನ ಕ್ವಿಜ್ ‘ಇಷ್ಟ ಇಲ್ಲ’ ಅಂತ ಲೆಕ್ಕಕ್ಕೆ ತಗೊಳತ್ತೆ.

ಅದಕ್ಕೇ ಯಾರ ಕಡೆ ಮನಸ್ಸು ಎಳೆಯತ್ತೆ ಅನ್ನೋದು ಬೇರೆ, ಇಲ್ಲೀವರ್ಗೂ ಏನು ಮಾಡಿದೀನಿ ಅನ್ನೋದು ಬೇರೆ, ನನ್ನನ್ನ ನಾನು ಏನಂತ ಕರ್ಕೋತೀನಿ ಅನ್ನೋದು ಬೇರೆ ಅಂತ ವಿಂಗಡಿಸಿ ಕೇಳ್ಬೇಕು. ಫ್ರಿಟ್ಜ್ ಕ್ಲೈನ್ ಅನ್ನೋ ಮನೋವೈದ್ಯರು ಇದನ್ನ ಇನ್ನೂ ಬಿಡಿಸಿ ಏಳು ವಿಷಯ ಮಾಡಿದ್ರು, ಪ್ರತಿಯೊಂದಕ್ಕೂ ಹಿಂದೆ ಹೆಂಗಿತ್ತು, ಈಗ ಹೆಂಗಿದೆ, ಹೆಂಗಿದ್ರೆ ಚೆನ್ನ ಅಂತ ಮೂರು ಕಾಲಂ, ಒಟ್ಟು 21 ಮನೆಗಳ ಒಂದು ಟೇಬಲ್ಲು. ತುಂಬಿಸ್ತಾ ತುಂಬಿಸ್ತಾ ಎರಡು ಕಾಲಂ ಹೊಂದ್ತಾ ಇಲ್ವಲ್ಲ ಅಂತ ಕಂಡಾಗ ಮನುಷ್ಯ ನಿಂತು ಯೋಚಿಸ್ತಾನೆ, ನನಗೆ ಇದೇ ಅದರ ನಿಜವಾದ ಬೆಲೆ ಅನ್ಸತ್ತೆ. ಮೈಕಲ್ ಸ್ಟಾರ್ಮ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1980ರಲ್ಲಿ ಇನ್ನೊಂದು ತೊಂದ್ರೆ ಎತ್ತಿ ತೋರಿಸಿದ್ರು. ಒಂದೇ ಗೆರೆ ಮೇಲೆ ಅಳೆದ್ರೆ ತಕ್ಕಡಿ ಥರ ಆಗತ್ತೆ, ಒಂದು ಏರಿದ್ರೆ ಇನ್ನೊಂದು ಇಳೀಲೇಬೇಕು, ಎರಡೂ ಕಡೆ ಜೋರಾಗಿ ಒಲವಿರೋರೂ ಯಾರ ಕಡೆನೂ ಅಷ್ಟಾಗಿ ಇಲ್ದೇ ಇರೋರೂ ಒಂದೇ ಜಾಗದಲ್ಲಿ ಬಂದು ಕೂರ್ತಾರೆ. ಗಂಡಸರ ಕಡೆ ಎಷ್ಟು, ಹೆಂಗಸರ ಕಡೆ ಎಷ್ಟು ಅಂತ ಎರಡು ಪ್ರಶ್ನೆ ಬೇರೆಬೇರೆ ಕೇಳಿದ್ರೆ ಬೈಸೆಕ್ಶುಯಲ್, ಅಸೆಕ್ಶುಯಲ್ ಇಬ್ರೂ ಬೇರೆಬೇರೆಯಾಗಿ ಕಾಣ್ತಾರೆ. ಮತ್ತೆ ‘ಇನ್ನೂ ಗೊತ್ತಿಲ್ಲ’, ‘ಉತ್ತರ ಹೇಳಲ್ಲ’ ಅನ್ನೋ ಎರಡು ಆಯ್ಕೆ ಪ್ರತಿ ಪ್ರಶ್ನೆಗೂ ಇರ್ಲೇಬೇಕು.

ರಿಸಲ್ಟ್ ಪೇಜಿನ ವಿಷ್ಯಕ್ಕೆ ಬಂದ್ರೆ, 1948ರಲ್ಲೇ ಬರ್ಟ್ರಮ್ ಫೋರರ್ ಅನ್ನೋ ಮನಶ್ಶಾಸ್ತ್ರಜ್ಞರು 39 ವಿದ್ಯಾರ್ಥಿಗಳಿಗೆ ಒಂದು ಪರ್ಸನಾಲಿಟಿ ಟೆಸ್ಟ್ ಕೊಟ್ಟು, ಇದು ನಿನ್ನದೇ ರಿಸಲ್ಟ್ ಅಂತ ಎಲ್ರಿಗೂ ಒಂದೇ ಬರಹ ಹಂಚಿದ್ರು, ಇದು ನಿನಗೆ ಎಷ್ಟು ಹೊಂದತ್ತೆ ಅಂತ ಕೇಳಿದ್ರೆ ಹುಡುಗ್ರು ಅದಕ್ಕೆ 5ಕ್ಕೆ ಸರಾಸರಿ 4ಕ್ಕಿಂತ ಜಾಸ್ತಿ ಅಂಕ ಕೊಟ್ರು. ‘ನೀವು 62 ಪರ್ಸೆಂಟ್ ಗೇ’ ಅಂತ ಸ್ಕ್ರೀನ್ ಮೇಲೆ ಬಂದ್ರೂ ಜನ ಹಂಗೇ ನಂಬ್ತಾರೆ, ಹದಿನೇಳು ವರ್ಷದ ಹುಡುಗನಂತೂ ನಂಬಿಬಿಟ್ಟು ರಾತ್ರಿಯೆಲ್ಲ ನಿದ್ದೆಗೆಡ್ತಾನೆ. ಪರ್ಸೆಂಟೇಜ್ ಕಿತ್ತಾಕಿ. ಅವ್ನು ಕೊಟ್ಟ ಉತ್ತರಗಳನ್ನೇ ಅವ್ನಿಗೆ ವಾಪಸ್ ತೋರ್ಸಿ, ‘ಇದ್ರಲ್ಲಿ ನಿಮ್ಗೆ ಆಶ್ಚರ್ಯ ಅನ್ಸಿದ್ದು ಯಾವುದು?’ ಅಂತ ಕೇಳಿ ಬಿಟ್ಬಿಡಿ.

ಇನ್ನು ಉತ್ತರಗಳು ಎಲ್ಲಿಗೆ ಹೋಗ್ತವೆ ಅನ್ನೋದು. 2014ರ ಸುಮಾರಿಗೆ ಫೇಸ್‌ಬುಕ್ಕಲ್ಲಿ ಒಂದು ಪರ್ಸನಾಲಿಟಿ ಕ್ವಿಜ್ ಬಂದಿತ್ತು, ಹಾಕ್ಕೊಂಡಿದ್ದು ಸುಮಾರು 2.7 ಲಕ್ಷ ಜನ, ಆದ್ರೆ ಅವ್ರ ಫ್ರೆಂಡ್ಸ್‌ದೂ ಸೇರಿ 8.7 ಕೋಟಿ ಜನರವರೆಗಿನ ಮಾಹಿತಿ ಚುನಾವಣಾ ಪ್ರಚಾರಕ್ಕೆ ಕೆಲ್ಸ ಮಾಡೋ ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಕಂಪನಿ ಕೈ ಸೇರಿರ್ಬೋದು ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಕೊಳ್ತು. ಲೈಂಗಿಕ ಒಲವಿನ ಕ್ವಿಜ್‌ಗೆ ಲಾಗಿನ್ನೂ ಬೇಡ, ಫೋನ್ ನಂಬರೂ ಬೇಡ, ಉತ್ತರಗಳು ಸರ್ವರ್‌ಗೆ ಹೋಗೋದೇ ಬೇಡ, ಲೆಕ್ಕವೆಲ್ಲ ಬ್ರೌಸರ್ ಒಳಗೇ ಮುಗಿಸ್ಬೋದು, ಅದೇನೂ ಕಷ್ಟದ ಕೋಡಿಂಗ್ ಅಲ್ಲ. ನಮ್ಮ ಕಡೆ ಇನ್ನೊಂದಿದೆ: ಅಮ್ಮ ಸೀರಿಯಲ್ ನೋಡೋ, ತಂಗಿ ಕ್ಲಾಸ್ ನೋಟ್ಸ್ ಓದೋ ಅದೇ ಒಂದು ಫೋನು ಮನೆಗೆಲ್ಲ. ಪೇಜಿನ ಟೈಟಲ್ಲು, ಲಿಂಕು ಎರಡ್ರಲ್ಲೂ ‘ಗೇ’ ಅಂತ ಇದ್ರೆ ಹಿಸ್ಟರಿಲಿ ಕೂತಿರತ್ತೆ, ಆದ್ರಿಂದ ಟೈಟಲ್ ‘ಪ್ರಶ್ನೆಗಳು’ ಅಂತಷ್ಟೇ ಇರ್ಲಿ, ಮೇಲ್ಗಡೆ ಮೂಲೇಲಿ ಒಂದು ಬಟನ್, ಒತ್ತಿದ ತಕ್ಷಣ ಹವಾಮಾನದ ಪೇಜ್ ತೆಗೆದುಕೊಳ್ಳೋ ಹಂಗೆ.

ಕೊನೇ ಪೇಜಲ್ಲಿ ನಾಲ್ಕು ಸಾಲು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1990ರಲ್ಲಿ. ಒಪ್ಪಿಗೆಯಿಂದ ವಯಸ್ಕರ ಮಧ್ಯೆ ನಡೆಯೋ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ. ‘ಸರಿ ಮಾಡ್ತೀನಿ’ ಅಂತ ಚಿಕಿತ್ಸೆ ಕೊಡೋದು ವೈದ್ಯರಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಯಾರ ಜೊತೆನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416, ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ಬೋದು.