ಪೆಟ್ಟಿಗೆ ಮೇಲೆ ಬಂದ ಕೂಡಲೇ ಪ್ಲಗ್ ಕೀಳಬೇಡಿ

ಹನ್ನೊಂದು ತಿಂಗಳು ಕಡಲ ತಳದಲ್ಲಿದ್ದ ಭೂಕಂಪಮಾಪಕವನ್ನು ಕ್ರೇನ್ ಡೆಕ್ಕಿನ ಮೇಲೆ ಇಳಿಸಿರುತ್ತದೆ, ಕೊಕ್ಕೆ ಇನ್ನೂ ಬಿಡಿಸಿರುವುದಿಲ್ಲ, ಅಷ್ಟರಲ್ಲಿ ಸುತ್ತ ಮೂವರು ನಿಂತಿರುತ್ತಾರೆ. ಒಬ್ಬರಿಗೆ ಮೆಮೊರಿ ಕಾರ್ಡ್ ಬೇಕು. ಇನ್ನೊಬ್ಬರಿಗೆ ಸಿಹಿನೀರಿನಲ್ಲಿ ಉಪ್ಪು ತೊಳೆಯುವ ಆತುರ. ಮೂರನೆಯವರು ಖಾಲಿ ಕೋಣೆಯ ದೀಪ ಆರಿಸಿ ಬರುವಂಥ ಒಳ್ಳೆಯ ಅಭ್ಯಾಸದವರು. ‘ಕೆಲಸ ಮುಗಿಯಿತಲ್ಲ, ಬ್ಯಾಟರಿ ಯಾಕೆ ಸುಮ್ಮನೆ ಖರ್ಚಾಗಬೇಕು’ ಎನ್ನುತ್ತ ಪ್ಲಗ್ಗಿಗೆ ಕೈ ಹಾಕುತ್ತಾರೆ. ನನಗೆ ರಕ್ತದೊತ್ತಡದ ಮಾತ್ರೆ ಶುರುವಾದದ್ದು ಈ ಮೂರನೆಯವರಿಂದ.

ಪ್ರತಿ ಯಾನದ ಮೊದಲ ದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತೇನೆ. ತಲೆಯಾಡಿಸುತ್ತಾರೆ. ಪ್ಲಗ್ಗಿಗೆ ಕೆಂಪು ಟೇಪ್ ಸುತ್ತುತ್ತೇನೆ. ಆ ಟೇಪನ್ನು ಹರಿಯದಂತೆ ಬಿಡಿಸಿ, ಜೇಬಿನಲ್ಲಿಟ್ಟುಕೊಂಡು, ಆಮೇಲೆ ಪ್ಲಗ್ ಕಿತ್ತವರನ್ನೂ ಕಂಡಿದ್ದೇನೆ. ಹಾಗಾಗಿ ಮಿಕ್ಕ ಸಂಗತಿಗಳನ್ನೆಲ್ಲ ಪಕ್ಕಕ್ಕಿಟ್ಟು ಗಡಿಯಾರದ ವಿಷಯವೊಂದನ್ನೇ ಬರೆಯುತ್ತಿದ್ದೇನೆ.

ಜಿಪಿಎಸ್ ಸಂಕೇತ ಕಡಲ ನೀರನ್ನು ಹೊಕ್ಕು ತಳ ತಲುಪುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಇದರಿಂದ ಏನಾಗುತ್ತದೆ ಎಂಬುದು ಮಾತ್ರ ಯಾರ ತಲೆಗೂ ಇಳಿಯುವುದಿಲ್ಲ. ಇಳಿಬಿಡುವ ಮುನ್ನ ಡೆಕ್ಕಿನ ಮೇಲೆ ಜಿಪಿಎಸ್ ಆಂಟೆನಾ ಸಿಕ್ಕಿಸಿ ಉಪಕರಣದ ಗಡಿಯಾರವನ್ನು ಸರಿಹೊಂದಿಸುತ್ತೇವೆ. ನಿಜವಾದ ಸಮಯ ಅದರ ಕಿವಿಗೆ ಬೀಳುವುದು ಅದೇ ಕೊನೆ. ಮುಂದಿನ ವರ್ಷವೆಲ್ಲ ಅದು ಒಳಗಿನ ಕ್ವಾರ್ಟ್ಜ್ ಹರಳಿನ ಮಿಡಿತವನ್ನು ಎಣಿಸುತ್ತ, ತನಗೆ ತೋಚಿದ ಸಮಯವನ್ನು ಬರೆದುಕೊಳ್ಳುತ್ತ ಕತ್ತಲಲ್ಲಿ ಕುಳಿತಿರುತ್ತದೆ.

ಒಂದು ದಿನದಲ್ಲಿ 8 ಕೋಟಿ 64 ಲಕ್ಷ ಮಿಲಿಸೆಕೆಂಡ್‌ಗಳಿವೆ. ಅಷ್ಟರಲ್ಲಿ ಒಂದೇ ಒಂದು ಮಿಲಿಸೆಕೆಂಡ್ ತಪ್ಪಿತು ಎನ್ನಿ. ಗಡಿಯಾರವನ್ನು ದೂರುವಂತಿಲ್ಲ, ಕೈಗೆ ಕಟ್ಟಿಕೊಳ್ಳುವ ವಾಚು ಇಷ್ಟು ನಿಯತ್ತಾಗಿದ್ದರೆ ಎರಡೂಮುಕ್ಕಾಲು ವರ್ಷಕ್ಕೆ ಒಂದು ಸೆಕೆಂಡ್ ತಪ್ಪುತ್ತಿತ್ತು. ಆದರೆ ವರ್ಷವಿಡೀ ಒಂದೇ ಕಡೆಗೆ ಸರಿದರೆ 365 ಮಿಲಿಸೆಕೆಂಡ್ ಆಗುತ್ತದೆ. ಸಾಗರದಡಿಯ ಮ್ಯಾಂಟಲ್ ಶಿಲೆಯಲ್ಲಿ, ಅಂದರೆ ಭೂಮಿಯ ಹೊರಚಿಪ್ಪಿನ ಕೆಳಗಿನ ಪದರದಲ್ಲಿ, ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ಓಡುತ್ತದೆ. ಗುಣಿಸಿ ನೋಡಿ, ಮೂರು ಕಿಲೋಮೀಟರಿನ ಹತ್ತಿರ ಬರುತ್ತದೆ. ಅಲೆಯ ಪಯಣದಲ್ಲಿ ಅಷ್ಟು ದೂರದ ಎಡವಟ್ಟು ಇಟ್ಟುಕೊಂಡು ಕಂಪನದ ಮೂಲ ಹುಡುಕಲು ಹೊರಟಿರುತ್ತೀರಿ. (ದಿನಕ್ಕೊಂದು ಮಿಲಿಸೆಕೆಂಡ್ ಎಂಬುದನ್ನು ಎಲ್ಲ ಉಪಕರಣಗಳಿಗೂ ಅನ್ವಯಿಸಬೇಡಿ. ಇದಕ್ಕಿಂತ ಎಷ್ಟೋ ನಿಖರವಾದವೂ ಇವೆ, ತೀರಾ ಹಾದಿ ತಪ್ಪಿದವೂ ಇವೆ.)

ತಪ್ಪುವುದು ನಮಗೆ ತೊಂದರೆಯೇ ಅಲ್ಲ. ಎಷ್ಟು ತಪ್ಪಿದೆ ಎಂದು ತಿಳಿದರೆ ಸಾಕು. ಅದಕ್ಕಾಗಿಯೇ ಮೇಲೆ ಬಂದ ಉಪಕರಣಕ್ಕೆ ಮತ್ತೆ ಆಂಟೆನಾ ಸಿಕ್ಕಿಸಿ, ಓಡುತ್ತಿರುವ ಗಡಿಯಾರವನ್ನು ಜಿಪಿಎಸ್ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಇಳಿಯುವಾಗ ವ್ಯತ್ಯಾಸ ಸೊನ್ನೆ, ಹತ್ತುವಾಗ ಇಷ್ಟು. ಈ ಎರಡು ಬಿಂದುಗಳ ನಡುವೆ ಗೆರೆ ಎಳೆದು ವರ್ಷದ ಪ್ರತಿ ದಿನದ ದಾಖಲೆಯನ್ನೂ ತಿದ್ದುತ್ತೇವೆ. ಹೋಲಿಸುವ ಮೊದಲೇ ಪ್ಲಗ್ ಕಿತ್ತರೆ ಎಣಿಕೆ ಅಲ್ಲಿಗೆ ನಿಂತಿತು, ಎರಡನೆಯ ಬಿಂದು ಹೋಯಿತು. ಒಂದೇ ಬಿಂದುವಿನಿಂದ ಯಾವ ದಿಕ್ಕಿಗೆ ಬೇಕಾದರೂ ಗೆರೆ ಎಳೆಯಬಹುದು.

ಇಷ್ಟು ಹೇಳಿದ ಮೇಲೂ ಒಬ್ಬರು, ಸಾಮಾನ್ಯವಾಗಿ ಹಿರಿಯ ವಿಜ್ಞಾನಿಯೇ, ಕೇಳುತ್ತಾರೆ: ‘ಪ್ರತಿ ದಾಖಲೆಗೂ ಮೈಕ್ರೊಸೆಕೆಂಡ್‌ವರೆಗೆ ಸಮಯ ನಮೂದಾಗಿದೆಯಲ್ಲ?’ ಆಗಿದೆ ಸ್ವಾಮಿ. ದಶಮಾಂಶದ ಮುಂದೆ ಆರು ಅಂಕಿಗಳಿವೆ. ಆರನ್ನೂ ಬರೆದದ್ದು ಅದೇ ಗಡಿಯಾರ. ಅದು ತಪ್ಪಿದ್ದರೆ ಆರು ಅಂಕಿಗಳೂ ಅಷ್ಟೇ ಅಚ್ಚುಕಟ್ಟಾಗಿ ತಪ್ಪಿರುತ್ತವೆ.

ಇನ್ನೊಂದು ಪ್ರಶ್ನೆ ಸ್ವಲ್ಪ ಜಾಣತನದ್ದು. ಪ್ರಯೋಗಾಲಯಕ್ಕೆ ಮರಳಿದ ಮೇಲೆ ಮತ್ತೆ ಚಾಲೂ ಮಾಡಿ, ದಿನಕ್ಕೆ ಎಷ್ಟು ಸರಿಯುತ್ತದೆಂದು ಅಳೆದು, ಅದರಿಂದ ಗುಣಿಸಬಾರದೇ? ಹರಳಿನ ವೇಗ ಉಷ್ಣಾಂಶವನ್ನು ಅವಲಂಬಿಸಿದೆ. ಆಳದ ತಳದಲ್ಲಿ ಎರಡು ಡಿಗ್ರಿಯ ಆಸುಪಾಸು, ನಿಮ್ಮ ಮೇಜಿನ ಮೇಲೆ ಇಪ್ಪತ್ತೈದು. ಮೇಲಾಗಿ ಹರಳಿಗೂ ವಯಸ್ಸಾಗುತ್ತದೆ, ನಡಿಗೆ ಬದಲಾಗುತ್ತದೆ. ಬಿಸಿಲಿನ ಡೆಕ್ಕಿನ ಮೇಲೆ ಗಂಟೆಗಟ್ಟಲೆ ಬಿಡಬೇಡಿ ಎಂದು ಬೊಬ್ಬೆ ಹೊಡೆಯುವುದೂ ಇದಕ್ಕೇ.

ಕೆಲವು ವರ್ಷಗಳ ಹಿಂದೆ ಒಬ್ಬ ಸಂಶೋಧನಾ ವಿದ್ಯಾರ್ಥಿ ನನ್ನ ಕಣ್ಣೆದುರೇ ಪ್ಲಗ್ ಕಿತ್ತ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಕೈಯಲ್ಲಿ ಆಂಟೆನಾ ಕೇಬಲ್ ಇತ್ತು. ಅವನು ತಿರುಗಿ ನೋಡಿ ನಕ್ಕ, ಶಹಬ್ಬಾಸ್ ಹೇಳುತ್ತೇನೆ ಎಂದುಕೊಂಡಿದ್ದಿರಬೇಕು. ನನ್ನ ಮುಖ ನೋಡಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ. ಗಡಿಯಾರ ಸೊನ್ನೆಯಿಂದ ಹೊಸದಾಗಿ ಶುರುವಾಯಿತು. ಬೈಯಬೇಕೆಂದು ಬಾಯಿ ತೆರೆದವನು ಬೈಯಲಾರದೆ ಹೋದೆ. ಹಿಂದಿನ ರಾತ್ರಿ ಇಡೀ ನಿದ್ದೆಗೆಟ್ಟು ಆ ಪೆಟ್ಟಿಗೆಯನ್ನು ಹುಡುಕಿಕೊಟ್ಟವನು ಅವನೇ.

ಹುಡುಕುವುದೆಂದರೆ ಏನೆಂದು ದಡದಲ್ಲಿರುವವರಿಗೆ ಹೇಳಬೇಕು. ಹಡಗಿನಿಂದ ಧ್ವನಿ ಸಂಕೇತ ಕಳುಹಿಸಿದರೆ ಕೆಳಗಿನ ಉಪಕರಣ ‘ಕೇಳಿಸಿತು’ ಎಂದು ಕೂಗಿ ಉತ್ತರಿಸುತ್ತದೆ. ಲಂಗರಿಗೆ ಕಟ್ಟಿದ ಸಣ್ಣ ತಂತಿಯನ್ನು ವಿದ್ಯುತ್ತು ಕಡಲ ನೀರಿನಲ್ಲಿ ಸವೆಸಿ ತುಂಡರಿಸಲು ಹಲವು ನಿಮಿಷ ಬೇಕು. ಲಂಗರು ತಳದಲ್ಲೇ ಉಳಿಯುತ್ತದೆ, ತೇಲುವ ಗಾಜಿನ ಗೋಲಗಳು ಉಪಕರಣವನ್ನು ಮೇಲಕ್ಕೆ ಎತ್ತುತ್ತವೆ. ನಿಮಿಷಕ್ಕೆ 45 ಮೀಟರ್ ಎಂದರೂ 4,000 ಮೀಟರ್ ಆಳದಿಂದ ಬರಲು ಒಂದೂವರೆ ಗಂಟೆ. ನನಗೆ ರಾತ್ರಿಯೇ ಇಷ್ಟ. ಹಗಲಿನ ನೊರೆಯ ನಡುವೆ ಕಾಣದ ಪುಟ್ಟ ಬಾವುಟಕ್ಕಿಂತ ಕತ್ತಲಲ್ಲಿ ಮಿಣುಕುವ ದೀಪ ಬೇಗ ಕಣ್ಣಿಗೆ ಬೀಳುತ್ತದೆ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜಿನ ಎರಡೂ ಬದಿಗೆ ಜನ ನಿಂತಿರುತ್ತಾರೆ, ಯಾರೂ ಮಾತಾಡುವುದಿಲ್ಲ. ಆ ರಾತ್ರಿ ಎಲ್ಲರೂ ಬಲಕ್ಕೆ ನೋಡುತ್ತಿದ್ದಾಗ ಎಡಗಡೆಯ ಅಲೆಯ ಹಿಂದೆ ಮಿಂಚಿದ ಬೆಳಕನ್ನು ಕಂಡವನು ಈ ಹುಡುಗ.

ಅವನ ದಾಖಲೆ ಪೂರ್ತಿ ಹಾಳಾಗಲಿಲ್ಲ. ಕಡಲಿನ ಅಲೆಗಳಿಂದ ನೆಲ ಸದಾ ಸಣ್ಣಗೆ ಗುನುಗುತ್ತಿರುತ್ತದೆ. ಎರಡು ಉಪಕರಣಗಳು ಬರೆದುಕೊಂಡ ಗುನುಗನ್ನು ಒಂದಕ್ಕೊಂದು ತಾಳೆ ಹಾಕಿ, ಒಂದರ ಗಡಿಯಾರ ಇನ್ನೊಂದಕ್ಕಿಂತ ಎಷ್ಟು ಸರಿದಿದೆಯೆಂದು ಅಂದಾಜು ಮಾಡಬಹುದು. ನೆರೆಯ ಉಪಕರಣಗಳ ಸಮಯ ಸರಿಯಿದ್ದುದರಿಂದ ಬಚಾವಾದ. ಆದರೂ ಅದಕ್ಕೆ ತಿಂಗಳುಗಳೇ ಹಿಡಿದವು. ಡೆಕ್ಕಿನ ಮೇಲೆ ಹತ್ತು ನಿಮಿಷದ ಕೆಲಸ ಅದು.

ಪ್ಲಗ್ ಕೀಳದೆಯೂ ಎರಡನೆಯ ಬಿಂದುವನ್ನು ಕಳೆಯಬಹುದು. ಬ್ಯಾಟರಿ ಹನ್ನೆರಡು ತಿಂಗಳು ಬರುತ್ತದೆಂದರೆ ಹನ್ನೆರಡೂ ತಿಂಗಳು ಇಟ್ಟುಬಿಡೋಣ ಎನ್ನುವವರಿದ್ದಾರೆ. ಹಡಗು ತಡವಾಗುತ್ತದೆ, ಹವೆ ಕೆಡುತ್ತದೆ, ಬ್ಯಾಟರಿ ತಳದಲ್ಲೇ ಸಾಯುತ್ತದೆ. ಕೊನೆಯ ಒಂದು ತಿಂಗಳ ಆಸೆಗೆ ಹಿಂದಿನ ಹನ್ನೊಂದು ತಿಂಗಳ ಸಮಯವೂ ಅನುಮಾನಕ್ಕೆ ಬೀಳುತ್ತದೆ. ಎಷ್ಟು ಅಂತರ ಉಳಿಸಿಕೊಳ್ಳಬೇಕೆಂಬುದು ಉಪಕರಣವನ್ನೂ ಋತುವನ್ನೂ ನೋಡಿ ನಿರ್ಧರಿಸುವ ಮಾತು. ನನ್ನನ್ನು ಕೇಳಿದರೆ ಧಾರಾಳವಾಗಿಯೇ ಉಳಿಸಿ.

ಹೋಲಿಕೆ ಮಾಡಿಯೂ ಮೋಸಹೋಗುವುದುಂಟು. 2016ರ ಡಿಸೆಂಬರ್ 31ರ ಕೊನೆಗೆ ಜಗತ್ತಿನ ಅಧಿಕೃತ ಸಮಯಕ್ಕೆ ಒಂದು ಅಧಿಕ ಸೆಕೆಂಡ್ ಸೇರಿಸಿದರು. ನೀರಿನಡಿ ಕುಳಿತ ಗಡಿಯಾರಕ್ಕೆ ಅದನ್ನು ಯಾರು ಹೇಳಬೇಕು? ಮೇಲೆ ಬಂದಾಗ ಅದು ಒಂದು ಸೆಕೆಂಡ್ ಮುಂದೆ ಇತ್ತು. ಗಮನಿಸದವರು ಆ ಸೆಕೆಂಡನ್ನೂ ಹರಳು ದಿನದಿನವೂ ಸರಿದದ್ದೆಂದೇ ತಿಳಿದು ವರ್ಷವಿಡೀ ಹಂಚಿಬಿಟ್ಟರೆ, ಸರಿಯಿದ್ದ ದಿನಗಳೂ ಕೆಡುತ್ತವೆ.

ತಳಕ್ಕೆ ಕೇಬಲ್ ಎಳೆದ ಕಡೆ ಈ ಗೋಳಿಲ್ಲ. ಅಮೆರಿಕದ ಒರೆಗಾನ್ ಕರಾವಳಿಯಿಂದ ಸುಮಾರು 480 ಕಿಲೋಮೀಟರ್ ದೂರದ ಆಕ್ಸಿಯಲ್ ಎಂಬ ಸಾಗರದಡಿಯ ಜ್ವಾಲಾಮುಖಿಯ ಮೇಲಿರುವ ಉಪಕರಣಗಳಿಗೆ ವಿದ್ಯುತ್ತೂ ಸಮಯವೂ ದಡದಿಂದಲೇ ಹೋಗುತ್ತವೆ. 2015ರ ಏಪ್ರಿಲ್‌ನಲ್ಲಿ ಅದು ಸ್ಫೋಟಿಸಿ ತಳ ಎರಡು ಮೀಟರಿಗೂ ಹೆಚ್ಚು ಕುಸಿದಾಗ ದಾಖಲೆ ಆಗಿಂದಾಗಲೇ ದಡಕ್ಕೆ ಬರುತ್ತಿತ್ತು. ನನಗೂ ಹೊಟ್ಟೆಕಿಚ್ಚು ಇದೆ. ಆದರೆ ಕಡಲ ತಳಕ್ಕೆಲ್ಲ ಕೇಬಲ್ ಹಾಸುವಷ್ಟು ದುಡ್ಡು ಯಾರ ಬಳಿಯೂ ಇಲ್ಲ, ಹಾಗಾಗಿ ನಾವು ಹರಳನ್ನೇ ನಂಬಿ ಬದುಕಬೇಕು.

ಆದ್ದರಿಂದ ಉಪಕರಣ ಡೆಕ್ಕಿಗೆ ಬಂದಾಗ ಮೊದಲು ಕಟ್ಟಿ ಭದ್ರಪಡಿಸಿ. ಆಂಟೆನಾ ಸಿಕ್ಕಿಸಿ. ವ್ಯತ್ಯಾಸವನ್ನು ಕಾಗದದ ಮೇಲೆ ಬರೆಯಿರಿ, ಮುಂದೆಯೋ ಹಿಂದೆಯೋ ಎಂಬುದನ್ನು ಅಕ್ಷರದಲ್ಲಿ ಬರೆಯಿರಿ, ಇಬ್ಬರು ಸಹಿ ಹಾಕಿ. ಆಮೇಲೆ ಪ್ಲಗ್ ಕಿತ್ತುಕೊಳ್ಳಿ, ತೊಳೆಯಿರಿ, ಕಾರ್ಡ್ ತೆಗೆಯಿರಿ, ಫೋಟೊ ತೆಗೆಸಿಕೊಳ್ಳಿ. ಅಷ್ಟು ಹೊತ್ತಿಗೆ ನನ್ನ ಪಾಳಿ ಮುಗಿದಿರುತ್ತದೆ, ನಾನು ಮಲಗಲು ಹೋಗುತ್ತೇನೆ.